ಬಾಗಿಲಿನಿಂದ ವಾಚನಪೀಠದವರೆಗೆ: ಒಂದು ಹಳೆಯ ದೇವಾಲಯದ ಮಾರ್ಪಾಟಿನ ದಾಖಲೆ

ಕರಾವಳಿಯಲ್ಲಿರುವ ನಮ್ಮ ಕ್ರೈಸ್ತ ಸಭೆಯ ದೇವಾಲಯ (ಚರ್ಚು) ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆಯ ಕಾಲದ ಕಟ್ಟಡ. ಮುರಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಮಂಗಳೂರು ಹೆಂಚಿನ ಎತ್ತರದ ಮಾಡು, ಹಲಸಿನ ಮರದ ಬಾಗಿಲು. ಮಳೆನೀರಿಗೂ ಗೆದ್ದಲಿಗೂ ಅಂಜಿ ಹಿಂದಿನವರು ಪಂಚಾಂಗವನ್ನು ಎತ್ತರಿಸಿಯೇ ಕಟ್ಟಿದ್ದರು. ಐದು ಮೆಟ್ಟಿಲು ಹತ್ತದೆ ಒಳಗೆ ಕಾಲಿಡುವಂತಿರಲಿಲ್ಲ. ಈಚಿನ ವರ್ಷಗಳಲ್ಲಿ ಸಭೆಯಲ್ಲಿ ಗಾಲಿಕುರ್ಚಿ ಬಳಸುವ ಒಬ್ಬ ನಿವೃತ್ತ ಅಧ್ಯಾಪಕರಿದ್ದಾರೆ, ಶ್ರವಣ ಸಾಧನ ಹಾಕಿಕೊಳ್ಳುವ ಹಿರಿಯರು ಅನೇಕರಿದ್ದಾರೆ, ಬ್ರೈಲ್ ಓದುವ ಒಬ್ಬ ತರುಣಿ ಇದ್ದಾಳೆ, ಸಂಜ್ಞಾಭಾಷೆಯಲ್ಲೇ ಮಾತಾಡುವ ದಂಪತಿ ಇದ್ದಾರೆ, ಹೆಚ್ಚು ಸದ್ದನ್ನು ತಾಳಲಾರದ ಮಕ್ಕಳೂ ಇದ್ದಾರೆ. ಕಟ್ಟಡ ನೋಡಿಕೊಳ್ಳುವ ಉಪಸಮಿತಿಯ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ, ಏನು ಮಾಡಿದೆವು, ಏಕೆ ಮಾಡಿದೆವು ಎಂಬುದನ್ನು ಬೇರೆ ಸಭೆಗಳವರಿಗೆ ಉಪಯೋಗವಾಗುವಂತೆ ಇಲ್ಲಿ ಬರೆದಿಡುತ್ತಿದ್ದೇನೆ.

ಸಭಾಪಾಲನಾ ಸಮಿತಿಯ ಮುಂದೆ ನಾನು ಇಟ್ಟ ಷರತ್ತು ಒಂದೇ: ಕೆಲಸ ಬಾಗಿಲಲ್ಲಿ ನಿಲ್ಲಬಾರದು. ಒಳಗೆ ಬಂದವರು ಒಂದು ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡು ಹೋಗುವುದಷ್ಟೇ ಆದರೆ ಅವರು ಅತಿಥಿಗಳಾಗಿಯೇ ಉಳಿಯುತ್ತಾರೆ. ವೇದಪಾಠ, ಅಂದರೆ ಬೈಬಲಿನ ಭಾಗ, ಓದುವುದಕ್ಕೂ, ಗಾಯನವೃಂದದಲ್ಲಿ ಹಾಡುವುದಕ್ಕೂ, ಕಾಣಿಕೆ ಎತ್ತುವುದಕ್ಕೂ, ಪ್ರಾರ್ಥನೆ ನಡೆಸುವುದಕ್ಕೂ ಅವರಿಗೆ ದಾರಿ ಇರಬೇಕು. ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ನಾಲ್ವರು ಪಾರ್ಶ್ವವಾಯು ಪೀಡಿತನನ್ನು ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸಿದ ಪ್ರಸಂಗವನ್ನು ಹಿರಿಯರೊಬ್ಬರು ನೆನಪಿಸಿ, ನಮ್ಮ ಹುಡುಗರೂ ಕುರ್ಚಿಯನ್ನು ಹಾಗೆಯೇ ಎತ್ತಿ ಒಳಗಿಡಬಲ್ಲರಲ್ಲ ಎಂದರು. ಅದಕ್ಕೆ ಆ ಅಧ್ಯಾಪಕರೇ ಉತ್ತರ ಕೊಟ್ಟರು: ಒಂದು ದಿನ ಹೊರುವುದು ಪ್ರೀತಿ, ಪ್ರತಿ ಭಾನುವಾರ ಹೊರಿಸಿಕೊಳ್ಳುವುದು ಮುಜುಗರ, ಅದರಲ್ಲೂ ಮಳೆಗಾಲದ ಒದ್ದೆ ಮೆಟ್ಟಿಲ ಮೇಲೆ ಭಯ. ಆಮೇಲೆ ಆ ಮಾತು ಮತ್ತೆ ಬರಲಿಲ್ಲ. ಕಾನೂನಿನ ಮಾತು ಎತ್ತಿದವರಿಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕಾಯಿತು: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡ ಯಾವುದೆಂದು ವಿವರಿಸುವಾಗ ಧಾರ್ಮಿಕ ಚಟುವಟಿಕೆ ನಡೆಯುವ ಖಾಸಗಿ ಕಟ್ಟಡಗಳನ್ನೂ ಸೇರಿಸಿಕೊಂಡಿದೆ.

ರ‍್ಯಾಂಪ್

ಐದು ಮೆಟ್ಟಿಲುಗಳ ಒಟ್ಟು ಎತ್ತರ 75 ಸೆಂಟಿಮೀಟರ್. ಗುತ್ತಿಗೆದಾರರು ಜಾಗ ನೋಡಿದ ಕೂಡಲೇ ಆರು ಮೀಟರ್ ಉದ್ದದ ರ‍್ಯಾಂಪ್ ಸಾಕು ಎಂದರು. ಹಾಗೆ ಮಾಡಿದರೆ ಇಳಿಜಾರು 1:8, ಅಂದರೆ ಎಂಟು ಮೀಟರ್ ಉದ್ದಕ್ಕೆ ಒಂದು ಮೀಟರ್ ಏರಿಕೆ, ಆಗುತ್ತದೆ; ನಮ್ಮ ದೇಶದ ಮಾರ್ಗಸೂಚಿಗಳು ಒಪ್ಪುವ ಗರಿಷ್ಠ ಕಡಿದು 1:12. ಇದು ಕಾಗದದ ಮೇಲಿನ ಹಟವಲ್ಲ. ಕುರ್ಚಿ ಮತ್ತು ಕುಳಿತವರು ಸೇರಿ 90 ಕಿಲೋ ಎಂದಿಟ್ಟುಕೊಂಡರೆ, 1:12ರಲ್ಲಿ ಅವರು ತಮ್ಮ ತೋಳಿನಿಂದ ಸುಮಾರು ಏಳೂವರೆ ಕಿಲೋ ಭಾರದಷ್ಟು ಒತ್ತಡವನ್ನು ಬಿಡದೆ ಹಾಕಬೇಕು. 1:8ರಲ್ಲಿ ಅದು ಹನ್ನೊಂದು ಕಿಲೋ ದಾಟುತ್ತದೆ, ಇಳಿಯುವಾಗ ಅಷ್ಟೇ ಬಲ ಅವರನ್ನು ಮುಂದಕ್ಕೆ ತಳ್ಳುತ್ತದೆ. 75 ಸೆಂಟಿಮೀಟರಿಗೆ 1:12 ಎಂದರೆ ಒಂಬತ್ತು ಮೀಟರ್. ಮುಂದಿನ ಅಂಗಳದಲ್ಲಿ ಅಷ್ಟು ನೇರ ಜಾಗವಿಲ್ಲದ್ದರಿಂದ ನಾಲ್ಕೂವರೆ ಮೀಟರಿನ ಎರಡು ಓಟಗಳನ್ನು ಲಂಬಕೋನದಲ್ಲಿ ಜೋಡಿಸಿ, ತಿರುವಿನಲ್ಲಿ ಒಂದೂವರೆ ಮೀಟರ್ ಚೌಕದ ಸಮತಟ್ಟು ಕಟ್ಟೆ ಮಾಡಿದೆವು. ದಣಿದವರು ಅಲ್ಲಿ ನಿಂತು ಸುಧಾರಿಸಿಕೊಳ್ಳಬಹುದು. ಕುರ್ಚಿಗೆ ಹಿತ್ತಲ ಕಡೆಯ ಪಾರ್ಶ್ವದ ಬಾಗಿಲು ಸುಲಭವಿತ್ತು, ಅಲ್ಲಿ ಎತ್ತರವೂ ಕಡಿಮೆ. ಆದರೆ ಎಲ್ಲರೂ ಹೋಗುವ ಬಾಗಿಲಲ್ಲೇ ಇವರೂ ಹೋಗಬೇಕು, ಬಾಗಿಲ ಬಳಿ ನಿಂತು ಕೈಮುಗಿಯುವ ಅಯ್ಯನವರನ್ನು (ಸಭಾಪಾಲಕರನ್ನು) ಇವರೂ ಎಲ್ಲರಂತೆ ಮಾತಾಡಿಸಬೇಕು ಎಂದು ಮುಂಬಾಗಿಲನ್ನೇ ಆರಿಸಿಕೊಂಡೆವು.

ಅಗಲವನ್ನು ಒಂದೂವರೆ ಮೀಟರ್ ಇಟ್ಟೆವು. ಇಕ್ಕೆಲಗಳಲ್ಲಿ ಮುರಕಲ್ಲಿನ ಗೋಡೆ ಎಬ್ಬಿಸಿ, ನಡುವೆ ಚರಳು ಮಣ್ಣನ್ನು ಪದರ ಪದರವಾಗಿ ನೀರು ಹಾಯಿಸಿ ದಮ್ಮಸ್ಸು ಮಾಡಿ, ಮೇಲೆ 10 ಸೆಂಟಿಮೀಟರ್ ಕಾಂಕ್ರೀಟ್ ಹಾಕಲಾಯಿತು. ಹೊಸ ಕಟ್ಟೆಯನ್ನು ಹಳೆಯ ಪಂಚಾಂಗಕ್ಕೆ ಬೆಸೆಯದೆ ನಡುವೆ ಒಂದು ಸಂದು ಬಿಟ್ಟು ಮೃದುವಾದ ಸೀಲಂಟ್ ತುಂಬಿಸಿದೆವು. ನೂರು ವರ್ಷ ಕೂತ ಅಡಿಪಾಯ ಇನ್ನು ಕುಸಿಯುವುದಿಲ್ಲ, ಹೊಸದು ಸ್ವಲ್ಪವಾದರೂ ಕುಸಿದೇ ಕುಸಿಯುತ್ತದೆ, ಎರಡನ್ನೂ ಕಟ್ಟಿಹಾಕಿದರೆ ಬಿರುಕು ಹಳೆಯ ಗೋಡೆಗೆ ಏರುತ್ತದೆ. ಮೇಲ್ಮೈಗೆ ಟೈಲ್ಸ್ ಆಗಲಿ ಗ್ರಾನೈಟ್ ಆಗಲಿ ಬೇಡವೆಂದು, ಕಾಂಕ್ರೀಟ್ ಹಸಿಯಾಗಿರುವಾಗಲೇ ಗಟ್ಟಿ ಕಡ್ಡಿಯ ಪೊರಕೆಯನ್ನು ಅಡ್ಡಡ್ಡಲಾಗಿ ಎಳೆದು ಒರಟು ಮಾಡಿದೆವು. ಗಾಲಿ ಜಾರಿ ಹೊರಗೆ ಹೋಗದಂತೆ ಅಂಚುಗಳಲ್ಲಿ ಏಳೂವರೆ ಸೆಂಟಿಮೀಟರ್ ಎತ್ತರದ ದಂಡೆ ಇದೆ.

ಕರಾವಳಿಯಲ್ಲಿ ರ‍್ಯಾಂಪಿನ ನಿಜವಾದ ಶತ್ರು ಇಳಿಜಾರಲ್ಲ, ಪಾಚಿ. ಮಾಡಿನ ನೀರು ನೇರವಾಗಿ ರ‍್ಯಾಂಪಿನ ಮೇಲೆ ಸುರಿಯುತ್ತಿದ್ದುದರಿಂದ ಹೆಂಚಿನ ಅಂಚಿಗೆ ದೋಣಿ ಕಟ್ಟಿಸಿ ನೀರನ್ನು ಚರಂಡಿಗೆ ತಿರುಗಿಸಬೇಕಾಯಿತು. ಅಷ್ಟು ಮಾಡಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶನಿವಾರ ಶನಿವಾರ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವ ಕೆಲಸ ತಪ್ಪಿದ್ದಲ್ಲ. ಯುವಜನ ಸಂಘದವರು ಅದನ್ನು ಸರದಿಯಲ್ಲಿ ಮಾಡುತ್ತಿದ್ದಾರೆ. ಕೈಹಿಡಿಗಳನ್ನು ಎರಡೂ ಬದಿಗೆ, 90 ಮತ್ತು 76 ಸೆಂಟಿಮೀಟರ್ ಎತ್ತರದಲ್ಲಿ ಎರಡು ಸಾಲಾಗಿ ಹಾಕಿಸಿದೆವು. ಮೇಲಿನದು ನಡೆಯುವ ಹಿರಿಯರಿಗೆ, ಕೆಳಗಿನದು ಕುರ್ಚಿಯವರಿಗೂ ಮಕ್ಕಳಿಗೂ. ರ‍್ಯಾಂಪ್ ಮುಗಿದ ಮೇಲೂ ಕೈಹಿಡಿ 30 ಸೆಂಟಿಮೀಟರ್ ಮುಂದುವರಿಯುತ್ತದೆ, ಏಕೆಂದರೆ ಕಣ್ಣು ಮಂದವಾದವರಿಗೆ ನೆಲ ಸಮವಾದದ್ದು ಕಾಲಿಗಿಂತ ಮೊದಲು ಕೈಗೆ ತಿಳಿಯಬೇಕು. ಉಪ್ಪುಗಾಳಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಕಂದು ಕಲೆ ಕಟ್ಟುತ್ತದೆ. ಕೈ ಬಿಗಿಯಾದರೂ 316 ದರ್ಜೆಯದನ್ನೇ ತರಿಸಿದೆವು.

ಯಾರೂ ಎಣಿಸದ ಒಂದು ಉಪಯೋಗವೂ ಆಯಿತು. ಶವಸಂಸ್ಕಾರದ ಆರಾಧನೆಗೆ ಪೆಟ್ಟಿಗೆಯನ್ನು ಈಗ ಎಲ್ಲರೂ ರ‍್ಯಾಂಪಿನ ಮೇಲೆಯೇ ತರುತ್ತಾರೆ, ರ‍್ಯಾಂಪಿಗೆ ಇಷ್ಟು ಹಣವೇಕೆ ಎಂದು ಕೇಳಿದ್ದವರ ಮನೆಯವರೂ ಸೇರಿ.

ಹೊಸ್ತಿಲು ಏಳು ಸೆಂಟಿಮೀಟರ್ ಎತ್ತರವಿತ್ತು. ಹಳೆಯ ಚೌಕಟ್ಟನ್ನು ಕೊಯ್ಯಲು ಯಾರಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಒಳಗೂ ಹೊರಗೂ 84 ಸೆಂಟಿಮೀಟರ್ ಉದ್ದದ ಮರದ ಇಳಿಜಾರು ತುಂಡುಗಳನ್ನು ಕೂರಿಸಿ, ಅಂಚಿಗೆ ಹಳದಿ ಪಟ್ಟಿ ಬಳಿದೆವು. ಬಾಗಿಲಿನ ಒಂದೇ ರೆಕ್ಕೆ ತೆರೆದಿಡುವ ರೂಢಿಯನ್ನು ಮಾತ್ರ ಬಿಡಿಸಬೇಕಾಯಿತು, ಏಕೆಂದರೆ ಒಂದು ರೆಕ್ಕೆಯ ಅಗಲ 60 ಸೆಂಟಿಮೀಟರ್, ಅದರಲ್ಲಿ ಕುರ್ಚಿ ನುಸುಳುವುದಿಲ್ಲ.

ಬೆಂಚುಗಳು, ಮೇಲುವೇದಿಕೆ, ವಾಚನಪೀಠ

ಗಾಲಿಕುರ್ಚಿಗೆಂದು ಹಿಂದಿನ ಸಾಲಿನಲ್ಲಿ ಜಾಗ ಬಿಡುವುದು ಎಲ್ಲೆಡೆ ಕಾಣುವ ಪರಿಹಾರ. ಅದು ನನಗೆ ಒಪ್ಪಿಗೆಯಾಗಲಿಲ್ಲ. ಎಲ್ಲರೂ ಹಾಡಿಗೆ ಎದ್ದು ನಿಂತಾಗ ಹಿಂದೆ ಕುಳಿತವರಿಗೆ ಕಾಣುವುದು ಬೆನ್ನುಗಳು ಮಾತ್ರ. ಬೆಂಚುಗಳನ್ನು ತೆಗೆಯುವ ಬದಲು ನಡುದಾರಿಯ ಕಡೆಯ ತುದಿಯಿಂದ 90 ಸೆಂಟಿಮೀಟರ್ ಕೊಯ್ದು ಕಾಲನ್ನು ಒಳಗೆ ಸರಿಸಿ ಮತ್ತೆ ಜೋಡಿಸಿದ್ದರಿಂದ, ಕುರ್ಚಿಯಲ್ಲಿರುವವರು ಮನೆಯವರ ಪಕ್ಕದಲ್ಲೇ ಸಾಲಿನೊಳಗೆ ಸೇರಿಕೊಳ್ಳುತ್ತಾರೆ. ನಮ್ಮಲ್ಲಿ ಗಂಡಸರೂ ಹೆಂಗಸರೂ ಬೇರೆ ಬೇರೆ ಬದಿಯಲ್ಲಿ ಕೂರುವ ಪದ್ಧತಿ ಇನ್ನೂ ಇರುವುದರಿಂದ ಎರಡೂ ಬದಿಯಲ್ಲಿ, ಮುಂದೆ, ನಡುವೆ, ಹಿಂದೆ ಹೀಗೆ ಕೊಯ್ಯಬೇಕಾಯಿತು. ತಂದೆಯನ್ನು ನೋಡಿಕೊಳ್ಳುವ ಮಗಳು ಗಂಡಸರ ಬದಿಯಲ್ಲಿ ಕೂತರೆ ಹುಬ್ಬೇರಿಸಬಾರದೆಂದು ಸ್ತ್ರೀಯರ ಅನ್ಯೋನ್ಯ ಕೂಟದವರೇ ಹೇಳಿ ಆ ವಿಷಯವನ್ನು ಮುಗಿಸಿದರು.

ಮುಖ್ಯ ಹೋರಾಟ ಮೇಲುವೇದಿಕೆಯದು. ವಾಚನಪೀಠ ಎರಡು ಮೆಟ್ಟಿಲು, ಅಂದರೆ 30 ಸೆಂಟಿಮೀಟರ್ ಮೇಲಿತ್ತು. ಕೆಳಗೆ ಕುಳಿತವರ ಕೈಗೆ ಮೈಕ್ ಕೊಟ್ಟರೆ ಓದಬಹುದಲ್ಲ ಎಂಬುದು ಸಮಿತಿಯ ಬಹುಮತದ ಅಭಿಪ್ರಾಯವಾಗಿತ್ತು. ಉಳಿದವರೆಲ್ಲ ಎಲ್ಲಿ ನಿಂತು ಓದುತ್ತಾರೋ ಅಲ್ಲಿಂದಲೇ ಇವರೂ ಓದಬೇಕು ಎಂಬುದು ನನ್ನ ಪಟ್ಟು. ಪಕ್ಕದ ಹಾದಿಯಲ್ಲಿ ಗೋಡೆಗೆ ಒತ್ತಿ 3.6 ಮೀಟರ್ ಉದ್ದದ ಮರದ ರ‍್ಯಾಂಪ್ ಮಾಡಿದೆವು: ಗಟ್ಟಿ ಮರದ ಚೌಕಟ್ಟು, 40 ಸೆಂಟಿಮೀಟರಿಗೊಂದು ಅಡ್ಡಪಟ್ಟಿ, ಮೇಲೆ 18 ಮಿಲಿಮೀಟರ್ ಮರೈನ್ ಪ್ಲೈವುಡ್. ಮೊದಲ ಜೋಡಣೆಯಲ್ಲಿ ಅದರ ಮೇಲೆ ಯಾರು ನಡೆದರೂ ಚೆಂಡೆ ಬಡಿದಂತೆ ಸದ್ದು ಬರುತ್ತಿತ್ತು, ಮೌನ ಪ್ರಾರ್ಥನೆಯ ಹೊತ್ತಿನಲ್ಲಿ ಅದು ಸಲ್ಲದು. ಹಲಗೆ ಬಿಚ್ಚಿ, ಹಳೆಯ ಟಯರ್ ಟ್ಯೂಬಿನ ಪಟ್ಟಿಗಳನ್ನು ಚೌಕಟ್ಟಿಗೂ ಹಲಗೆಗೂ ನಡುವೆ ಇಟ್ಟು, ಇನ್ನೊಂದು ತೆಳು ಹಲಗೆಯನ್ನು ಅಂಟಿನಿಂದ ಮೇಲೆ ಕೂರಿಸಿ, ರಬ್ಬರ್ ಹಾಸು ಹಾಸಿದ ಮೇಲೆ ಸದ್ದು ಅಡಗಿತು.

ವಾಚನಪೀಠವನ್ನು ಹೊಸದಾಗಿಯೇ ಮಾಡಿಸಬೇಕಾಯಿತು. ಒಂದರೊಳಗೊಂದು ಜಾರುವ ಎರಡು ಚೌಕ ಕೊಳವೆ, ತೂತುಗಳಲ್ಲಿ ಕೂರುವ ಪಿನ್ನು, ಎತ್ತರ 75ರಿಂದ 110 ಸೆಂಟಿಮೀಟರ್‌ವರೆಗೆ. ಗಾಲಿಕುರ್ಚಿಯ ಮುಂಭಾಗ ಕೆಳಗೆ ಹೋಗುವಂತೆ ಕಂಬವನ್ನು ನಡುವಿನಿಂದ ಹಿಂದಕ್ಕೆ ಸರಿಸಿದೆವು. ಬ್ರೈಲ್ ಓದುವ ತರುಣಿ ಪರೀಕ್ಷಿಸಿ ನೋಡಿದಾಗ ಯಾರೂ ಯೋಚಿಸಿರದ ಸಂಗತಿಯೊಂದು ಹೊರಬಂತು: ಕಣ್ಣಿನಿಂದ ಓದುವವರಿಗೆ ಓರೆ ಹಲಗೆ ಹಿತ, ಎರಡೂ ಕೈಬೆರಳುಗಳಿಂದ ಓದುವವರಿಗೆ ಸಮತಟ್ಟು ಹಲಗೆ ಬೇಕು, ಓರೆಯಲ್ಲಿ ದಪ್ಪ ಹಾಳೆ ಜಾರುತ್ತದೆ, ಮಣಿಕಟ್ಟು ನೋಯುತ್ತದೆ. ಹಲಗೆಗೆ ಕೀಲು ಹಾಕಿ ಎರಡು ರೀತಿಯಲ್ಲೂ ನಿಲ್ಲುವಂತೆ ಬಡಗಿಯವರು ಮಾಡಿಕೊಟ್ಟರು. ಮೈಕಿನ ಕತ್ತು ಬಾಗುವಂಥದ್ದಾಗಿರುವುದರಿಂದ ಎತ್ತರ ಬದಲಾದಾಗ ಅದೂ ಹೊಂದಿಕೊಳ್ಳುತ್ತದೆ.

ಕೇಳುವುದು

ಸಭಾಂಗಣ 18 ಮೀಟರ್ ಉದ್ದ, 10 ಮೀಟರ್ ಅಗಲ. ಕೆಳತಟ್ಟು ಇಲ್ಲದ ಹೆಂಚಿನ ಮಾಡು, ಬರಿಯ ಗಾರೆಯ ಗೋಡೆ. ಹಿಂದಿನವರಿಗೆ ಕೇಳಿಸದು ಎಂದು ದನಿ ಏರಿಸಿದಷ್ಟೂ ಮಾರ್ದನಿ ಏರಿ ಮಾತು ಕಲಸಿಹೋಗುತ್ತಿತ್ತು. ಮುಂದಿನ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ತೆಗೆದು, ದನಿಯನ್ನು ಮಾಡಿಗೆ ಚೆಲ್ಲದೆ ಜನರ ಮಟ್ಟದಲ್ಲೇ ಹರಡುವ ಕಂಬದಾಕಾರದ ಸ್ಪೀಕರುಗಳನ್ನು ಹಾಕಿದೆವು, ಮುಂದೆ ಎರಡು, ನಡುವೆ ಎರಡು. ಮುಂದಿನದಕ್ಕೂ ನಡುವಿನದಕ್ಕೂ ಒಂಬತ್ತು ಮೀಟರ್ ಅಂತರ. ಆ ದೂರ ಸಾಗಲು ಶಬ್ದಕ್ಕೆ ಸುಮಾರು 26 ಮಿಲಿಸೆಕೆಂಡ್ ಬೇಕು. ನಡುವಿನ ಸ್ಪೀಕರಿಗೆ ಅಷ್ಟು ತಡ ಕೊಟ್ಟು, ಮೇಲೆ ಇನ್ನೊಂದು ಹತ್ತು ಮಿಲಿಸೆಕೆಂಡ್ ಸೇರಿಸಿದರೆ, ದನಿ ಮುಂದಿನಿಂದಲೇ ಬಂದಂತೆ ಕಿವಿಗೆ ತೋರುತ್ತದೆ, ಮಾತು ಮಾತ್ರ ಸ್ಪಷ್ಟವಾಗುತ್ತದೆ. ಇದರಿಂದ ಶ್ರವಣ ಸಾಧನವಿಲ್ಲದ ಅರ್ಧ ಸಭೆಗೂ ಉಪಕಾರವಾಯಿತು.

ಶ್ರವಣ ಸಾಧನದವರಿಗೆ ಇಷ್ಟು ಸಾಲದು. ಆ ಸಾಧನ ಫ್ಯಾನಿನ ಸದ್ದು, ಹೆಂಚಿನ ಮೇಲಿನ ಮಳೆ, ಪಕ್ಕದವರ ಕೆಮ್ಮು ಎಲ್ಲವನ್ನೂ ಸಮನಾಗಿ ದೊಡ್ಡದು ಮಾಡುತ್ತದೆ. ಇಂಡಕ್ಷನ್ ಲೂಪ್ ಎಂಬುದು ಇದಕ್ಕೆ ಹಳೆಯದಾದರೂ ಗಟ್ಟಿಯಾದ ಉಪಾಯ: ನೆಲದ ಸುತ್ತ ಹಾಸಿದ ತಂತಿಯಲ್ಲಿ ಮೈಕಿನ ಸಂಕೇತ ವಿದ್ಯುತ್ತಾಗಿ ಹರಿದು ಕಾಂತಕ್ಷೇತ್ರ ಉಂಟಾಗುತ್ತದೆ, ಸಾಧನದೊಳಗಿನ ಟೆಲಿಕಾಯಿಲ್ ಎಂಬ ಸಣ್ಣ ತಂತಿ ಸುರುಳಿ ಅದನ್ನು ನೇರವಾಗಿ ಹಿಡಿದುಕೊಳ್ಳುತ್ತದೆ, ನಡುವಿನ ಗಾಳಿಯ ಗದ್ದಲವೆಲ್ಲ ತಪ್ಪಿಹೋಗುತ್ತದೆ. ನಮ್ಮ ನೆಲ ಜೇಡಿಮಣ್ಣಿನ ಹೆಂಚಿನದು, ಅದರಡಿ ಕಬ್ಬಿಣವಿಲ್ಲ. ಸರಳು ಹಾಕಿದ ಕಾಂಕ್ರೀಟ್ ನೆಲವಾಗಿದ್ದರೆ ಕ್ಷೇತ್ರವನ್ನು, ಅದರಲ್ಲೂ ಎತ್ತರದ ಸ್ವರಗಳನ್ನು, ಅದು ನುಂಗುತ್ತಿತ್ತು. ಸಭೆಯ ಮುಂದಿನ ಅರ್ಧದ ಸುತ್ತ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಗೋಡೆಯಂಚಿನ ಪಟ್ಟಿಯೊಳಗೆ 38 ಮೀಟರ್ ಸುತ್ತಿದೆವು. ಅದರ ರೋಧ ಅರ್ಧ ಓಮ್‌ಗೂ ಕಡಿಮೆ. ಸಾಮಾನ್ಯ ಆಂಪ್ಲಿಫೈಯರಿಗೆ ಅದನ್ನು ನೇರ ಜೋಡಿಸಿದರೆ ಆಂಪ್ಲಿಫೈಯರ್ ಸುಟ್ಟೀತು. ಲೂಪಿಗೆಂದೇ ತಯಾರಾದ ಯಂತ್ರ ನಮ್ಮ ಕೈಗೆಟುಕದ್ದರಿಂದ, 50 ವಾಟಿನ ಆಂಪ್ಲಿಫೈಯರಿಗೆ ಸರಣಿಯಲ್ಲಿ 3.9 ಓಮಿನ, ಅಲ್ಯೂಮಿನಿಯಂ ಕವಚದ, 50 ವಾಟ್ ತಡೆಯುವ ರೆಸಿಸ್ಟರ್ ಹಾಕಿ, ದಪ್ಪ ಅಲ್ಯೂಮಿನಿಯಂ ತಗಡಿಗೆ ಬಿಗಿದೆವು. ಬಹುಪಾಲು ಶಕ್ತಿ ರೆಸಿಸ್ಟರಿನಲ್ಲಿ ಶಾಖವಾಗಿ ಹೋಗುತ್ತದೆ ನಿಜ, ಆದರೆ ತಂತಿಯಲ್ಲಿ ವಿದ್ಯುತ್ತು ಎಲ್ಲ ಸ್ವರಗಳಿಗೂ ಬಹುತೇಕ ಸಮನಾಗಿರುತ್ತದೆ.

ಮೊದಲ ಸಲ ಚಾಲೂ ಮಾಡಿದಾಗ ಹಿರಿಯರು ಮಾತಿನ ಜೊತೆ ಜೋರಾದ ಗುಂಯ್‌ಗುಡುವಿಕೆ ಕೇಳುತ್ತದೆ ಎಂದರು. ಲೂಪ್ ಆರಿಸಿದರೂ ಅದು ನಿಲ್ಲಲಿಲ್ಲವಾದ್ದರಿಂದ ದೋಷ ಕಟ್ಟಡದ ವೈರಿಂಗಿನದೆಂದು ತಿಳಿಯಿತು. ಹಳೆಯ ಮರದ ಪಟ್ಟಿ ವೈರಿಂಗಿನಲ್ಲಿ ಫೇಸ್ ಒಂದು ಗೋಡೆಯ ಮೇಲೆ, ನ್ಯೂಟ್ರಲ್ ಇನ್ನೊಂದು ಗೋಡೆಯ ಮೇಲೆ ಹೋಗಿತ್ತು. ಆ ಎರಡರ ನಡುವಿನ ಇಡೀ ಸಭಾಂಗಣವೇ 50 ಹರ್ಟ್ಸಿನ ಲೂಪ್ ಆಗಿತ್ತು. ಎರಡೂ ತಂತಿಗಳು ಒಂದೇ ಕೊಳವೆಯಲ್ಲಿ ಜೊತೆಯಾಗಿ ಹೋಗುವಂತೆ ವೈರಿಂಗ್ ಬದಲಿಸಿದೊಡನೆ ಗುಂಯ್‌ಗುಡುವಿಕೆ ಹೋಯಿತು. ಉಳಿದ ಚರಚರ ಸದ್ದು ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರುಗಳದು. ಕೆಪಾಸಿಟರ್ ಮಾದರಿಯವನ್ನು ಹಾಕಿದ ಮೇಲೆ ಅದೂ ನಿಂತಿತು. ಗಾಯನವೃಂದದ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಕೂಡ ಟೆಲಿಕಾಯಿಲ್‌ನಂತೆಯೇ ಲೂಪಿನ ಸಂಕೇತವನ್ನು ಹಿಡಿದು ಅಯ್ಯನವರ ಪ್ರಸಂಗವನ್ನು (ಉಪದೇಶವನ್ನು) ಗಿಟಾರಿನಿಂದ ಹೊರಡಿಸುತ್ತಿತ್ತು! ಅದಕ್ಕಾಗಿ ಗಿಟಾರಿನವರನ್ನು ತಂತಿಯ ಸುತ್ತಿನಿಂದ ಸಾಕಷ್ಟು ಹೊರಗೆ ಕೂರಿಸಿದ್ದೇವೆ.

ಕೆಲವರ ಸಾಧನದಲ್ಲಿ ಟೆಲಿಕಾಯಿಲ್ ಇದ್ದೂ ಅದನ್ನು ಚಾಲೂ ಮಾಡಿ ಕೊಟ್ಟಿರಲಿಲ್ಲ. ಶ್ರವಣ ತಜ್ಞರ ಬಳಿ ಹೋಗಿ ಟಿ ಸ್ಥಾನವನ್ನು ತೆರೆಸಿಕೊಂಡು ಬರಬೇಕಾಯಿತು. ಇಷ್ಟೆಲ್ಲ ಆದ ಮೇಲೂ ಮೈಕಿನೊಳಗೆ ಹೋಗದ ಮಾತು ಲೂಪಿನಲ್ಲಿ ಬರುವುದಿಲ್ಲ. ನನ್ನ ದನಿ ದೊಡ್ಡದು, ಮೈಕ್ ಬೇಡ ಎನ್ನುವ ಹಿರಿಯರೇ ಈ ಕೆಲಸದಲ್ಲಿ ನಮಗೆ ಎದುರಾದ ಅತಿ ಗಟ್ಟಿಯಾದ ಅಡ್ಡಿ.

ಸಂಜ್ಞಾಭಾಷೆಯ ದಂಪತಿಗೆ ಲೂಪಿನಿಂದ ಏನೂ ಪ್ರಯೋಜನವಿಲ್ಲ. ಭಾರತೀಯ ಸಂಜ್ಞಾಭಾಷೆ ಬಲ್ಲ ಒಬ್ಬರು ತಿಂಗಳಿಗೆ ಕೆಲವು ಭಾನುವಾರ ಬಂದು ಅನುವಾದಿಸುತ್ತಾರೆ. ಅವರನ್ನು ಬದಿಗೆ ನಿಲ್ಲಿಸದೆ, ದಂಪತಿ ಪ್ರಸಂಗಿಸುವವರನ್ನೂ ಸಂಜ್ಞೆಯನ್ನೂ ಒಂದೇ ನೋಟದಲ್ಲಿ ಕಾಣುವಂತೆ ವಾಚನಪೀಠದ ಪಕ್ಕದಲ್ಲೇ ನಿಲ್ಲಿಸಿದೆವು. ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದು ಕೈಗಳು ಬರಿಯ ನೆರಳಾಗುತ್ತಿದ್ದವು. ಕಿಟಕಿಗೆ ದಪ್ಪ ಪರದೆ, ಎದುರಿನಿಂದ ಒಂದು ದೀಪ, ಇಷ್ಟರಲ್ಲಿ ಸರಿಹೋಯಿತು. ಒಮ್ಮೆ ಆ ದಂಪತಿಯೇ ಕರ್ತನ ಪ್ರಾರ್ಥನೆಯನ್ನು ಮುಂದೆ ನಿಂತು ಸಂಜ್ಞೆಯಲ್ಲಿ ನಡೆಸಿಕೊಟ್ಟರು, ಸಭೆ ಅವರನ್ನು ಅನುಸರಿಸಿತು. ನಮ್ಮ ಕೈಗಳು ಬಹಳ ಒರಟಾಗಿದ್ದವೆಂದು ಆಮೇಲೆ ತಿಳಿಸಿದರು.

ಓದುವುದು

ಗೀತೆಗಳೂ ಆರಾಧನಾ ಕ್ರಮವೂ ಹಿಂದೆ ಯಾರೋ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಿಸಿದ ಕಡತಗಳಾಗಿ ಉಳಿದಿದ್ದವು. ಅವು ಮುದ್ರಣಕ್ಕೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಗುರುತುಗಳು. ಪರದೆ ಓದುವ ತಂತ್ರಾಂಶ ಅವನ್ನು ಓದಲಾರದು. ಯುನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತುಗಳು ಜಾಗ ತಪ್ಪಿದವು, ಏಕೆಂದರೆ ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ, ಯುನಿಕೋಡಿನಲ್ಲಿ ರಕಾರ ಮೊದಲು. ಸಂಡೇ ಸ್ಕೂಲಿನ ಶಿಕ್ಷಕಿಯರು ಪ್ರತಿ ಸಾಲನ್ನೂ ಮೂಲದೊಂದಿಗೆ ಹೋಲಿಸಿ ತಿದ್ದಿದರು. ಇಡೀ ಯೋಜನೆಯಲ್ಲಿ ಅತಿ ಬೇಸರದ ಕೆಲಸ ಇದು, ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ: ಆ ಒಂದೇ ಪಠ್ಯದಿಂದ ಈಗ ದೊಡ್ಡಕ್ಷರದ ಪುಸ್ತಕ, ಗೋಡೆಯ ಮೇಲಿನ ಪ್ರದರ್ಶನ, ಫೋನಿನಲ್ಲಿ ಕೇಳುವ ಪ್ರತಿ, ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶದ ಮೂಲಕ ಬ್ರೈಲ್, ಎಲ್ಲವೂ ಹೊರಡುತ್ತವೆ.

ದೊಡ್ಡಕ್ಷರವೆಂದರೆ ಅಕ್ಷರ ಹಿಗ್ಗಿಸುವುದಷ್ಟೇ ಎಂದುಕೊಂಡರೆ ಕನ್ನಡದಲ್ಲಿ ಸಾಗದು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗಿ, ಮಂದದೃಷ್ಟಿಯವರಿಗೆ ಎರಡೂ ಒಂದೇ ಮುದ್ದೆಯಾಗಿ ಕಾಣುತ್ತವೆ. 20 ಪಾಯಿಂಟ್ ಅಕ್ಷರಕ್ಕೆ ಒಂದೂವರೆ ಪಟ್ಟು ಸಾಲಿನ ಅಂತರ ಬಿಟ್ಟು, ಹೊಳಪಿಲ್ಲದ ಕಾಗದದಲ್ಲಿ ಮುದ್ರಿಸಿ, ಮಡಿಲಲ್ಲಿ ಚಪ್ಪಟೆಯಾಗಿ ತೆರೆದುಕೊಳ್ಳುವಂತೆ ಸ್ಪೈರಲ್ ಬೈಂಡ್ ಮಾಡಿಸಿದೆವು. ಗೀತೆಯ ಸಂಖ್ಯೆಗಳು ಮೂಲ ಪುಸ್ತಕದವೇ. ಬೇರೆ ಸಂಖ್ಯೆ ಕೊಟ್ಟಿದ್ದರೆ ಹುಡುಕುವಷ್ಟರಲ್ಲಿ ಹಾಡು ಮುಗಿಯುತ್ತಿತ್ತು. ಬ್ರೈಲ್ ಪ್ರತಿ ಬಹಳ ಜಾಗ ತಿನ್ನುವುದರಿಂದ ಇಡೀ ಪುಸ್ತಕದ ಬದಲು ಆಯಾ ವಾರದ ಗೀತೆಗಳನ್ನೂ ಪಾಠಗಳನ್ನೂ ಹಾಳೆಗಳಲ್ಲಿ ಒತ್ತಿಸುತ್ತೇವೆ. ಇದಕ್ಕಾಗಿ ಅಯ್ಯನವರು ಗೀತೆಗಳನ್ನು ಶನಿವಾರ ರಾತ್ರಿಯ ಬದಲು ಬುಧವಾರವೇ ಆರಿಸಬೇಕಾಗಿದೆ.

ಉಳಿದವು

ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಕಟಕಟೆಯ ಮುಂದೆ ಮೊಣಕಾಲೂರಲಾಗದವರಿಗೆ ಆಸನದ ಬಳಿಗೇ ತಂದುಕೊಡುವ ಕ್ರಮವಿತ್ತು. ಈಗ ನೆಲಮಟ್ಟದಲ್ಲೇ ನಿಂತೋ ಕುಳಿತೋ ತೆಗೆದುಕೊಳ್ಳುವ ಜಾಗ ಕಟಕಟೆಯ ಪಕ್ಕದಲ್ಲಿದೆ, ಬೇಕಾದವರು ಎಲ್ಲರ ಜೊತೆ ಬರುತ್ತಾರೆ. ಕೈ ನಡುಗುವವರ ಬಟ್ಟಲನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸುವುದಿಲ್ಲ. ಗೋಧಿ ಒಗ್ಗದವರಿಗೆ ಅಕ್ಕಿಯ ರೊಟ್ಟಿ ಬೇರೆ ತಟ್ಟೆಯಲ್ಲಿ, ಚೂರುಗಳು ಬೆರೆಯದಂತೆ. ಕಥೋಲಿಕ ಸಭೆಯ ನಿಯಮದಲ್ಲಿ ರೊಟ್ಟಿ ಗೋಧಿಯದೇ ಆಗಿರಬೇಕಾದ್ದರಿಂದ ಅವರು ಗ್ಲುಟನ್ ಬಹಳ ಕಡಿಮೆಯಿರುವುದನ್ನು ಬಳಸುತ್ತಾರೆ. ನಮ್ಮಲ್ಲಿ ಆ ಕಟ್ಟು ಇಲ್ಲ.

ಹಿಂದಿನ ಇಂಡಿಯನ್ ಶೌಚಾಲಯದ ಪಕ್ಕದಲ್ಲಿ ಕುರ್ಚಿ ಪೂರ್ತಿ ತಿರುಗುವಷ್ಟು ಜಾಗವಿರುವ, ಬಾಗಿಲು ಹೊರಕ್ಕೆ ತೆರೆಯುವ, ಹಿಡಿಕೆಗಳಿರುವ ಕಮೋಡ್ ಶೌಚಾಲಯ ಕಟ್ಟಿದ್ದೇವೆ. ಅದಿಲ್ಲದೆ ರ‍್ಯಾಂಪ್ ಒಂದು ಗಂಟೆಯ ಅತಿಥಿಗಳಿಗೆ ಮಾತ್ರ. ಸದ್ದು ತಾಳದ ಮಕ್ಕಳಿಗೆ ವಸ್ತ್ರಕೋಣೆಯ ಪಕ್ಕದ ಕೊಠಡಿಯಲ್ಲಿ ಗಾಜಿನ ಕಿಟಕಿ, ದನಿ ತಗ್ಗಿಸಬಹುದಾದ ಸ್ಪೀಕರ್, ಆರಾಧನೆಯ ಅನುಕ್ರಮವನ್ನು ತೋರಿಸುವ ಚಿತ್ರಗಳ ಹಾಳೆ ಇವೆ. ಅದರ ಬಾಗಿಲನ್ನು ಮುಚ್ಚುವುದಿಲ್ಲ, ಮಗುವನ್ನು ಅಲ್ಲಿಗೆ ಕರೆದೊಯ್ಯಿ ಎಂದು ಯಾರಿಗೂ ಹೇಳುವುದೂ ಇಲ್ಲ. ಹೋಗುವುದೂ ಬರುವುದೂ ಮಗುವಿನ ಮರ್ಜಿ. ಡ್ರಮ್ ಬಾರಿಸುವವರಿಗೆ ಎರಡು ಮಾತು ಹೇಳಿದ್ದೇವೆ, ಒಂದನ್ನು ಕೇಳಿದ್ದಾರೆ.

ಬಾಕಿ ಇರುವುದು ಪ್ರಸಂಗಪೀಠ. ಕೆತ್ತನೆಯ ಮರದ್ದು, ಏಳು ಕಿರಿದಾದ ಮೆಟ್ಟಿಲು, ಸುತ್ತಿ ಏರಬೇಕು. ಅದಕ್ಕೆ ಯಾವ ರ‍್ಯಾಂಪೂ ಹೊಂದುವುದಿಲ್ಲ, ಯಂತ್ರದ ಏಣಿ ಕೂರಿಸಿದರೆ ಕೆತ್ತನೆ ಹಾಳಾಗುತ್ತದೆ. ಪ್ರಸಂಗವನ್ನು ಎಲ್ಲರೂ ಹೊಸ ವಾಚನಪೀಠದಿಂದಲೇ ಮಾಡಲಿ, ಹಳೆಯ ಪೀಠ ನೋಡಲು ಇರಲಿ ಎಂದು ನಾನು ಬರೆದುಕೊಟ್ಟಿದ್ದೇನೆ. ಪ್ರಸಂಗಿಸುವವರು ಎತ್ತರದಲ್ಲಿದ್ದರೇ ಗೌರವ ಎನ್ನುವ ಹಿರಿಯರು ಸಮಿತಿಯಲ್ಲಿ ಅರ್ಧದಷ್ಟಿದ್ದಾರೆ. ಗಾಲಿಕುರ್ಚಿಯ ಅಧ್ಯಾಪಕರಿಗೆ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಒಂದು ಭಾನುವಾರ ಪ್ರಸಂಗದ ಸರದಿ ಬಂದಿದೆ, ಅದಕ್ಕೆ ಮೊದಲು ತೀರ್ಮಾನವಾಗಬೇಕು.